ಓದುಗರ ಪ್ರಶ್ನೆ: ಲಂಡನ್ನಿನ ಪ್ಲೇಗು, ಬೀಗ ಬಿದ್ದ ಬಾಗಿಲುಗಳು

ಹಿಂದಿನ ಸಂಚಿಕೆಯಲ್ಲಿ 1665ರ ಲಂಡನ್ ಪ್ಲೇಗಿನ ಬಗ್ಗೆ ಒಂದೇ ಒಂದು ಪುಟ ಬರೆದಿದ್ದೆ. ಆಗ ಆ ನಗರದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನ ಇದ್ದರು, ಒಂದೇ ವರ್ಷದಲ್ಲಿ ಅಧಿಕೃತ ಲೆಕ್ಕಕ್ಕೆ ಬಂದ ಪ್ಲೇಗ್ ಸಾವು 68,596, ರೋಗ ಬಂದ ಮನೆಗೆ ಹೊರಗಿನಿಂದ ಬೀಗ ಜಡಿದು ಬಾಗಿಲ ಮೇಲೆ ಕೆಂಪು ಶಿಲುಬೆ ಬರೆಯುತ್ತಿದ್ದರು, ವೈದ್ಯರೆಲ್ಲ ಓಡಿಹೋದರು. ಆ ಪುಟದಲ್ಲಿ ಇದ್ದದ್ದು ಇಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಎಂಟನ್ನು ಆರಿಸಿದ್ದೇನೆ.

ನಾನು ಇಪ್ಪತ್ತು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ ಮೇಡಂ. ಆ್ಯಂಟಿಬಯೋಟಿಕ್ ಇಲ್ಲ, ಡ್ರಿಪ್ ಇಲ್ಲ. ಆ ಕಾಲದಲ್ಲಿ ಪ್ಲೇಗ್ ರೋಗಿಯ ಪಕ್ಕ ನಿಂತು ನಿಜವಾಗಿ ಏನು ಮಾಡುತ್ತಿದ್ದರು? (ಓದುಗರು, ಶಿವಮೊಗ್ಗ)

ಮೊದಲು ರೋಗಿಯನ್ನು ನೋಡೋಣ. ಇದ್ದಕ್ಕಿದ್ದಂತೆ ಚಳಿ ಜ್ವರ, ತಲೆ ಸಿಡಿತ, ವಾಂತಿ. ಒಂದೆರಡು ದಿನದಲ್ಲಿ ತೊಡೆಸಂದಿಯಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಏಳುತ್ತಿತ್ತು. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಅಂದಿನ ವೈದ್ಯರು ಒಂದು ವಿಷಯವನ್ನು ಸರಿಯಾಗಿಯೇ ಗಮನಿಸಿದ್ದರು. ಗಡ್ಡೆ ಹಣ್ಣಾಗಿ ಒಡೆದು ಕೀವು ಹೊರಗೆ ಬಂದವರಲ್ಲಿ ಬದುಕುವವರು ಜಾಸ್ತಿ. ಗಡ್ಡೆ ಒಳಕ್ಕೆ ಇಳಿದರೆ ಅಥವಾ ಚರ್ಮದ ಮೇಲೆ ಕಪ್ಪು ಚುಕ್ಕೆ ಮೂಡಿದರೆ ಆಸೆ ಬಿಡಬೇಕು. ಆ ಚುಕ್ಕೆಗೆ ಅವರು 'ಟೋಕನ್' ಅನ್ನುತ್ತಿದ್ದರು, ಅಂದರೆ ಸಾವಿನ ಗುರುತು. ಹಾಗಾಗಿ ಚಿಕಿತ್ಸೆ ಪೂರ್ತಿ ಎರಡೇ ಕೆಲಸದ ಸುತ್ತ: ಗಡ್ಡೆಯನ್ನು ಹಣ್ಣು ಮಾಡಿಸು, ಮೈಯಲ್ಲಿರುವ ವಿಷವನ್ನು ಬೆವರಿಸಿ ಹೊರಹಾಕು.

ಲಂಡನ್ನಿನ ವೈದ್ಯರ ಕಾಲೇಜು (ಪಾಠ ಹೇಳುವ ಕಾಲೇಜಲ್ಲ, ದೊಡ್ಡ ವೈದ್ಯರ ಸಂಘ) 1665ರಲ್ಲಿ ಜನರಿಗಾಗಿ ಸೂಚನೆಗಳನ್ನು ಅಚ್ಚು ಹಾಕಿಸಿ ಹಂಚಿತು. ಅದರಲ್ಲಿ ಒಂದು ಮದ್ದು ಹೀಗಿದೆ. ಒಂದು ದಪ್ಪ ಈರುಳ್ಳಿ ತೆಗೆದುಕೊಳ್ಳಿ. ನಡುವಿನ ತಿರುಳು ಕೊರೆದು ತೆಗೆಯಿರಿ. ಆ ಗುಳಿಯಲ್ಲಿ ಒಂದು ಅಂಜೂರ, ಸಣ್ಣಗೆ ಹೆಚ್ಚಿದ ರೂ ಎಂಬ ಕಹಿ ಸೊಪ್ಪು, ಸ್ವಲ್ಪ ವೆನಿಸ್ ಟ್ರೀಕಲ್ ತುಂಬಿ ಬಾಯಿ ಮುಚ್ಚಿ. ಒದ್ದೆ ಕಾಗದ ಸುತ್ತಿ ಕೆಂಡದ ಬೂದಿಯಲ್ಲಿ ಸುಡಿ. ಬಿಸಿ ಇರುವಾಗಲೇ ಗಡ್ಡೆಯ ಮೇಲೆ ಕಟ್ಟಿ, ಮೂರು ಗಂಟೆ ಬಿಡಿ, ಆಮೇಲೆ ಇನ್ನೊಂದು ಕಟ್ಟಿ. ಓದುವಾಗ ನನಗೆ ನಮ್ಮ ಮನೆಯ ಅಡುಗೆಮನೆಯೇ ಕಣ್ಣಮುಂದೆ ಬಂತು. ಕುರು ಎದ್ದರೆ ಈರುಳ್ಳಿ ಸುಟ್ಟು ಕಟ್ಟುವುದು ನಮ್ಮಲ್ಲೂ ಇದೆಯಲ್ವಾ? ಬಿಸಿ ಕಟ್ಟು ಕಟ್ಟಿದರೆ ಕೀವು ಬೇಗ ಮೇಲೆ ಬರುತ್ತದೆ, ನೋವೂ ಸ್ವಲ್ಪ ಇಳಿಯುತ್ತದೆ. ಆದರೆ ರಕ್ತಕ್ಕೆ ಸೇರಿದ ರೋಗಾಣುವನ್ನು ಈರುಳ್ಳಿ ಮುಟ್ಟಲಾರದು.

ವೆನಿಸ್ ಟ್ರೀಕಲ್ ಅಂದರೆ ಅರವತ್ತಕ್ಕೂ ಹೆಚ್ಚು ಸಾಮಾನು ಹಾಕಿ ಮಾಡುತ್ತಿದ್ದ ಲೇಹ್ಯ. ಅದರಲ್ಲಿ ಮಂಡಲದ ಹಾವಿನ ಜಾತಿಯ ಹಾವಿನ ಮಾಂಸವೂ ಇತ್ತು, ಅಫೀಮೂ ಇತ್ತು. ಅದರಿಂದ ರೋಗಿಗೆ ಏನಾದರೂ ಸಿಕ್ಕಿದ್ದರೆ ಅದು ಅಫೀಮಿನಿಂದ ಬಂದ ನೋವಿನ ಬಿಡುವು. ಇದನ್ನು ಬಿಸಿ ಪಾನೀಯದಲ್ಲಿ ಕಲಸಿ ಕುಡಿಸಿ, ಕಂಬಳಿ ಮೇಲೆ ಕಂಬಳಿ ಹೊದಿಸಿ, ಗಂಟೆಗಟ್ಟಲೆ ಬೆವರಿಸುತ್ತಿದ್ದರು. ಜ್ವರದಲ್ಲಿ ಮೊದಲೇ ನೀರು ಕಳೆದುಕೊಂಡ ಮೈಯನ್ನು ಹಾಗೆ ಬೆವರಿಸಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದೇ ಸೂಚನೆಗಳಲ್ಲಿ ಇನ್ನೊಂದು ಮದ್ದು ಇದೆ: ಜೀವಂತ ಕೋಳಿಯ ಬಾಲದ ಪುಕ್ಕ ಕಿತ್ತು, ಆ ಬೋಳು ಜಾಗವನ್ನು ಗಡ್ಡೆಗೆ ಒತ್ತಿ ಹಿಡಿಯುವುದು. ಕೋಳಿ ವಿಷವನ್ನು ಎಳೆದುಕೊಂಡು ಸಾಯುತ್ತದೆ, ಸತ್ತರೆ ಇನ್ನೊಂದು ಕೋಳಿ.

ನಿಮ್ಮ ಕೆಲಸದವರ ಬಗ್ಗೆ ಒಂದು ಮಾತು. ಬೀಗ ಬಿದ್ದ ಮನೆಗಳ ಒಳಗೆ ಹೋಗಿ ರೋಗಿಗೆ ನೀರು ಕುಡಿಸಿ, ಬಟ್ಟೆ ಬದಲಿಸಿ, ಗಾಯ ತೊಳೆದವರು ಪ್ಯಾರಿಷ್‌ನವರು ಕೂಲಿ ಕೊಟ್ಟು ಕಳಿಸಿದ ಬಡ ಹೆಂಗಸರು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ವಾರ್ಡು. ಈ ಹೆಂಗಸರು ಕದಿಯುತ್ತಾರೆ, ರೋಗಿಯನ್ನು ಬೇಗ ಸಾಯಿಸುತ್ತಾರೆ ಅಂತ ಬರೆದವರು ತುಂಬಾ ಜನ. ಕೆಲವರು ಕದ್ದಿರಲೂಬಹುದು. ಆದರೆ ಆ ವರ್ಷ ಬದುಕಿ ಉಳಿದ ರೋಗಿಗಳ ಬಾಯಿಗೆ ನೀರು ಹಾಕಿದ ಕೈಗಳಲ್ಲಿ ಇವರ ಕೈಯೂ ಇತ್ತು. ಪ್ಲೇಗಿನ ವಿಷಯದಲ್ಲಿ ಆಗ ಕೆಲಸಕ್ಕೆ ಬಂದ ಚಿಕಿತ್ಸೆ ಅಂದರೆ ಈ ಆರೈಕೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಕ್ಕಿ ಕೊಕ್ಕಿನ ಮುಖವಾಡ ಹಾಕಿದ ಡಾಕ್ಟರ ಚಿತ್ರ ಎಲ್ಲ ಕಡೆ ನೋಡುತ್ತೇನೆ. ಲಂಡನ್ನಿನಲ್ಲಿ ಹಾಗೇ ಓಡಾಡುತ್ತಿದ್ದರಾ? (ವಿದ್ಯಾರ್ಥಿ, ಧಾರವಾಡ)

1665ರ ಲಂಡನ್ನಿನಲ್ಲಿ ಅದನ್ನು ಹಾಕಿದ್ದರು ಅನ್ನಲು ಗಟ್ಟಿ ಆಧಾರ ಇಲ್ಲ. ಆ ಉಡುಪಿಗೆ ಷಾರ್ಲ್ ದ ಲೋರ್ಮ್ ಎಂಬ ಫ್ರೆಂಚ್ ವೈದ್ಯರ ಹೆಸರು ಹೇಳುತ್ತಾರೆ. ನೀವು ನೋಡಿದ ಚಿತ್ರ ಬಹುಶಃ 1656ರಲ್ಲಿ ರೋಮ್ ನಗರದ ಪ್ಲೇಗಿನ ಹೊತ್ತಿಗೆ ಅಚ್ಚಾದದ್ದು. ಗಾಳಿ ಕೆಟ್ಟು ರೋಗ ಬರುತ್ತದೆ ಅಂತ ನಂಬಿದ್ದ ಕಾಲ ಅದು. ಹಾಗಾಗಿ ಲಂಡನ್ನಿನವರು ಮೂಗಿಗೆ ಹಿಡಿದದ್ದು ವಿನೆಗರ್‌ನಲ್ಲಿ ಅದ್ದಿದ ಸ್ಪಂಜು, ಘಾಟು ಸೊಪ್ಪು, ಹೊಗೆಸೊಪ್ಪು. ನೌಕಾಪಡೆಯ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿ ಬರೆಯುತ್ತಿದ್ದರು. 1665ರ ಜೂನ್ 7ರಂದು ಡ್ರೂರಿ ಲೇನ್ ಬೀದಿಯಲ್ಲಿ ಎರಡು ಮೂರು ಮನೆಯ ಬಾಗಿಲಿಗೆ ಕೆಂಪು ಶಿಲುಬೆ, ಕೆಳಗೆ 'ದೇವರೇ ನಮ್ಮ ಮೇಲೆ ದಯೆ ಇಡು' ಅಂತ ಬರೆದದ್ದನ್ನು ನೋಡಿದ್ದೇ ತಡ, ಎದೆ ಝಲ್ಲೆಂದು, ಹೊಗೆಸೊಪ್ಪು ಕೊಂಡು ಮೂಸಿದರು, ಬಾಯಿಗೂ ಹಾಕಿ ಅಗಿದರು. ಅದನ್ನು ಅವರೇ ಬರೆದಿಟ್ಟಿದ್ದಾರೆ.

ನಾನು ನಿವೃತ್ತ ಗ್ರಾಮ ಲೆಕ್ಕಿಗ. ಜನನ ಮರಣ ರಿಜಿಸ್ಟರ್ ಬರೆದ ಕೈ ಇದು. 68,596 ಅಂತ ಕೊನೆಯ ಅಂಕಿಯವರೆಗೂ ಬರೆದಿದ್ದೀರಿ. ಆ ಗಲಾಟೆಯಲ್ಲಿ ಯಾರು ಕೂತು ಎಣಿಸಿದರು? (ಓದುಗರು, ಹಾಸನ)

ನಿಮ್ಮ ಅನುಮಾನ ಸರಿಯಾದದ್ದು. ಎಣಿಸಿದರು, ವಾರ ವಾರವೂ ಎಣಿಸಿದರು, ಆದರೆ ಎಣಿಕೆಯ ಬುಡದಲ್ಲೇ ತೂತು ಇತ್ತು.

ಲಂಡನ್ನಿನ 130 ಪ್ಯಾರಿಷ್‌ಗಳಿಂದಲೂ ಪ್ರತಿ ವಾರ ಸಾವಿನ ಪಟ್ಟಿ ಬರಬೇಕಿತ್ತು. ಅದನ್ನೆಲ್ಲ ಕೂಡಿಸಿ ಅಚ್ಚು ಹಾಕಿ ಗುರುವಾರ ಮಾರಾಟಕ್ಕೆ ಬಿಡುತ್ತಿದ್ದರು. ಜನ ಅದನ್ನು ಕೊಂಡು ಓದಿ, ಊರಲ್ಲಿ ಇರುವುದೋ ಗಂಟು ಕಟ್ಟುವುದೋ ಅಂತ ತೀರ್ಮಾನಿಸುತ್ತಿದ್ದರು. ಆಗಸ್ಟ್ 15ರಿಂದ 22ರ ವಾರದ ಹಾಳೆಯನ್ನು ಒಮ್ಮೆ ನೋಡಿ. ಆ ವಾರ ಹೂತದ್ದು 5,568 ಜನರನ್ನು, ಅದರಲ್ಲಿ ಪ್ಲೇಗ್ 3,880. ಮೇಲಿನಿಂದ ಕೆಳಕ್ಕೆ ಕಾರಣಗಳ ಸಾಲು ಇದೆ: ಜ್ವರ, ಕ್ಷಯ, ಹುಳು, ವಯಸ್ಸು. 'ಹಲ್ಲು' ಅಂತ ಒಂದು ಕಾರಣ ಇದೆ, ಅಂದರೆ ಹಲ್ಲು ಬರುವ ವಯಸ್ಸಿನಲ್ಲಿ ಸತ್ತ ಕೂಸುಗಳು. ಇಷ್ಟೆಲ್ಲ ಆದ ಮೇಲೆ ಹಾಳೆಯ ತಳದಲ್ಲಿ ಆ ವಾರದ ಬ್ರೆಡ್ಡಿನ ತೂಕ: ಒಂದು ಪೆನ್ನಿಯ ಗೋಧಿ ಬ್ರೆಡ್ಡು ಒಂಬತ್ತೂವರೆ ಔನ್ಸ್ ಇರತಕ್ಕದ್ದು. ಸಾವಿನ ಪಟ್ಟಿ, ಅದರ ಕೆಳಗೆ ಬ್ರೆಡ್ಡಿನ ಲೆಕ್ಕ. ಬದುಕಿದವರು ಊಟ ಮಾಡಬೇಕಲ್ಲ.

ಈಗ ತೂತಿನ ವಿಷಯ. ಯಾರು ಯಾವ ರೋಗದಿಂದ ಸತ್ತರು ಅಂತ ಹೇಳಬೇಕಾದವರು ವೈದ್ಯರಲ್ಲ, 'ಸರ್ಚರ್' ಅನ್ನುವ ಹೆಂಗಸರು. ಬಹುಪಾಲು ವಯಸ್ಸಾದ ಬಡ ವಿಧವೆಯರು. ಕೈಯಲ್ಲಿ ಕೋಲು ಹಿಡಿದು ಸಾವಿನ ಮನೆಗೆ ಹೋಗಿ, ಹೆಣ ತಿರುಗಿಸಿ ನೋಡಿ, ಬಂದು ವರದಿ ಹೇಳಬೇಕು. ಹೆಣಕ್ಕೆ ಇಷ್ಟು ಅಂತ ಪುಡಿಗಾಸು ಕೂಲಿ. ಅವರು 'ಪ್ಲೇಗು' ಅಂದರೆ ಆ ಮನೆಗೆ ಬೀಗ ಬಿತ್ತು, ಒಳಗಿರುವ ಆರೋಗ್ಯವಂತರೂ ಒಳಗೇ ಉಳಿದರು. ಹಾಗಿದ್ದಾಗ ಮನೆಯವರು ಏನು ಮಾಡುತ್ತಾರೆ? ಕೈ ಮುಗಿಯುತ್ತಾರೆ, ಅಳುತ್ತಾರೆ, ಕೈಗೆ ಒಂದಿಷ್ಟು ದುಡ್ಡು ತುರುಕುತ್ತಾರೆ. ಪ್ಲೇಗು ಹೋಗಿ 'ಜ್ವರ' ಆಗುತ್ತದೆ.

ಪೀಪ್ಸ್ ಬರೆದ ಒಂದು ಪ್ರಸಂಗ ನಿಮಗೆ ಇಷ್ಟವಾಗುತ್ತದೆ. ಆಗಸ್ಟ್ 30ರಂದು ದಾರಿಯಲ್ಲಿ ತಮ್ಮ ಪ್ಯಾರಿಷ್‌ನ ಗುಮಾಸ್ತರು ಸಿಕ್ಕರು. ಪ್ಲೇಗು ಹೇಗಿದೆ ಅಂತ ಕೇಳಿದರೆ ಅವರು, ಜಾಸ್ತಿ ಆಗಿದೆ, ಈ ವಾರ ನಮ್ಮಲ್ಲಿ ಒಂಬತ್ತು ಜನ ಸತ್ತರು, ನಾನು ಆರು ಅಂತ ಬರೆದು ಕಳಿಸಿದೆ ಅಂದರಂತೆ. ಇದು ತುಂಬಾ ಕೆಟ್ಟ ಪದ್ಧತಿ, ಬೇರೆ ಕಡೆಯೂ ಹೀಗೇ ಇರಬೇಕು ಅಂತ ಪೀಪ್ಸ್ ಬೇಜಾರು ಮಾಡಿಕೊಂಡಿದ್ದಾರೆ. ಮಾರನೇ ದಿನ ಬಂದ ಪಟ್ಟಿಯಲ್ಲಿ ಪ್ಲೇಗ್ ಸಾವು 6,102. ನಿಜವಾದ ಸಂಖ್ಯೆ ಹತ್ತು ಸಾವಿರದ ಹತ್ತಿರ ಇರಬಹುದು ಅಂತ ಅವರ ಅಂದಾಜು. ಕಾರಣವನ್ನೂ ಹೇಳುತ್ತಾರೆ: ಬಡವರು ಎಷ್ಟು ಜನ ಸಾಯುತ್ತಿದ್ದಾರೆ ಎಂದರೆ ಅವರನ್ನು ಗಮನಿಸಲೂ ಆಗುತ್ತಿಲ್ಲ, ಕ್ವೇಕರ್ ಪಂಥದವರು ಸಾವಿಗೆ ಚರ್ಚಿನ ಗಂಟೆ ಬಾರಿಸುವುದನ್ನೇ ಒಪ್ಪುವುದಿಲ್ಲ, ಹಾಗಾಗಿ ಅವರ ಸಾವು ಲೆಕ್ಕಕ್ಕೆ ಸಿಗುವುದಿಲ್ಲ.

ಇದಕ್ಕೆ ಮೂರು ವರ್ಷ ಮೊದಲೇ, 1662ರಲ್ಲಿ, ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ ಈ ಹಳೇ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು ಒಂದು ಪುಸ್ತಕ ಬರೆದಿದ್ದರು. ಪ್ಲೇಗ್ ಬಂದ ವರ್ಷ ಬೇರೆ ಕಾಯಿಲೆಯ ಸಾವುಗಳೂ ಒಮ್ಮೆಲೇ ಏರುತ್ತವಲ್ಲ, ಅದು ಹೇಗೆ ಅಂತ ಅವರು ಕೇಳಿದರು. ಅವು ಬಚ್ಚಿಟ್ಟ ಪ್ಲೇಗ್ ಸಾವುಗಳು ಅಂತ ಉತ್ತರವನ್ನೂ ಕೊಟ್ಟರು. ಪಟ್ಟಿಯಲ್ಲಿ ಇರುವುದಕ್ಕಿಂತ ಕಾಲು ಭಾಗ ಜಾಸ್ತಿ ಸೇರಿಸಿ ಓದಬೇಕು ಅಂದರು. ವೈದ್ಯರೂ ಅಲ್ಲದ, ಗಣಿತದ ಪಂಡಿತರೂ ಅಲ್ಲದ ಒಬ್ಬ ವ್ಯಾಪಾರಿ ಬರೀ ಲೆಕ್ಕದ ಹಾಳೆ ನೋಡಿ ಇದನ್ನು ಹಿಡಿದರು ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ಕೊಡುತ್ತದೆ. 1665ರಲ್ಲಿ ಎಲ್ಲ ಕಾರಣಗಳಿಂದ ಹೂತವರು 97,306. ಪಟ್ಟಿಗೇ ಬಾರದ ಸಾವುಗಳನ್ನೂ ಸೇರಿಸಿದರೆ ಪ್ಲೇಗಿನಿಂದಲೇ ಸುಮಾರು ಒಂದು ಲಕ್ಷ ಜನ ಹೋಗಿರಬೇಕು ಅಂತ ಇಂದಿನ ಇತಿಹಾಸಕಾರರು ಹೇಳುತ್ತಾರೆ. ಊರಿನ ಐದು ಜನರಲ್ಲಿ ಒಬ್ಬರು.

ರೋಗಿಯ ಜೊತೆ ಮನೆಮಂದಿಯನ್ನೆಲ್ಲ ಕೂಡಿ ಹಾಕಿದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಬೇರೆ ದಾರಿಯೇ ಇರಲಿಲ್ಲವಾ? ಮಕ್ಕಳ ಗತಿ ಏನಾಯಿತು? (ಗೃಹಿಣಿ, ಮಂಡ್ಯ)

ದಾರಿ ಇತ್ತಮ್ಮಾ. ಅದು ಆಗಲೇ ಜನರಿಗೆ ಗೊತ್ತೂ ಇತ್ತು. ವೆನಿಸ್ ನಗರ 1423ರಲ್ಲೇ ಒಂದು ದ್ವೀಪದಲ್ಲಿ ಪ್ಲೇಗ್ ಆಸ್ಪತ್ರೆ ಮಾಡಿತ್ತು. ರೋಗಿ ಅಲ್ಲಿಗೆ ಹೋಗುತ್ತಿದ್ದ, ಆರೋಗ್ಯವಂತರು ಬೇರೆ. ಮಿಲಾನ್ ನಗರದ ಹೊರಗೆ 288 ಕೋಣೆಗಳ ದೊಡ್ಡ ಲಾಝರೆಟ್ಟೊ, ಅಂದರೆ ಅಂಥದ್ದೇ ಪ್ಲೇಗ್ ಆಸ್ಪತ್ರೆ ಇತ್ತು. ಲಂಡನ್ನಿನಲ್ಲಿ ಇದ್ದದ್ದು ಪ್ಲೇಗ್ ರೋಗಿಗಳನ್ನು ಇಡುವ ಐದು ಪುಟ್ಟ ಪೆಸ್ಟ್ ಹೌಸ್, ಐದೂ ಸೇರಿ ಕೆಲವು ನೂರು ಜನರಿಗೆ ಜಾಗ. ವಾರಕ್ಕೆ ಏಳು ಸಾವಿರ ಸಾವು ಆಗುವ ಊರಿಗೆ ಅದು ಎಲ್ಲಿ ಸಾಕು? ಆಸ್ಪತ್ರೆ ಕಟ್ಟಲು ದುಡ್ಡು ಬೇಕು, ಬೀಗಕ್ಕೆ ದುಡ್ಡು ಬೇಡ.

ಹಾಗಾಗಿ ಬೀಗ. ಸಾಮಾನ್ಯವಾಗಿ 40 ದಿನ. ಬಾಗಿಲ ನಡುವೆ ಒಂದಡಿ ಉದ್ದದ ಕೆಂಪು ಶಿಲುಬೆ. ಹಗಲಿಗೆ ಒಬ್ಬ, ರಾತ್ರಿಗೆ ಒಬ್ಬ ಕಾವಲುಗಾರ. ಮನೆಯವರಿಗೆ ಊಟ, ಔಷಧ ಏನು ಬೇಕಾದರೂ ಅವನೇ ಹೋಗಿ ತರಬೇಕು, ಹೋಗುವಾಗ ಬೀಗ ಹಾಕಿ ಕೀಲಿ ತೆಗೆದುಕೊಂಡು ಹೋಗಬೇಕು. ಜನ ಸೂರಿನಿಂದ, ಹಿತ್ತಿಲಿನಿಂದ ತಪ್ಪಿಸಿಕೊಂಡರು. ರೋಗ ಮುಚ್ಚಿಟ್ಟರು. ಮುಚ್ಚಿಟ್ಟದ್ದರಿಂದ ರೋಗ ಇನ್ನೂ ಹರಡಿತು. ಇದು ತಪ್ಪು, ಇದು ಕ್ರೂರ ಅಂತ ಆ ವರ್ಷವೇ ಒಬ್ಬರು ಕಿರುಪುಸ್ತಕ ಅಚ್ಚು ಹಾಕಿಸಿದರು. 1666ರ ಹೊಸ ನಿಯಮಗಳಲ್ಲಿ ಪ್ರತಿ ದೊಡ್ಡ ಊರೂ ರೋಗಿಗಳಿಗೆ ಪ್ರತ್ಯೇಕ ಮನೆಯನ್ನೋ ಗುಡಿಸಲನ್ನೋ ಸಿದ್ಧ ಇಟ್ಟುಕೊಳ್ಳಬೇಕು ಅಂತ ಬಂತು. ಅಷ್ಟು ಹೊತ್ತಿಗೆ ಲಂಡನ್ನಿನಲ್ಲಿ ಹೋಗಬೇಕಾದವರು ಹೋಗಿ ಆಗಿತ್ತು.

ಹೊರಗೆ ಹೋಗಬಲ್ಲವರು ಮೊದಲೇ ಹೋಗಿದ್ದರು. ರಾಜ ಎರಡನೇ ಚಾರ್ಲ್ಸ್ ಜುಲೈನಲ್ಲೇ ಊರು ಬಿಟ್ಟರು. ಗಾಡಿ ಇದ್ದವರು, ಹಳ್ಳಿಯಲ್ಲಿ ಮನೆ ಇದ್ದವರು ಹೊರಟರು. ಮೇಯರ್ ಸರ್ ಜಾನ್ ಲಾರೆನ್ಸ್ ಮಾತ್ರ ಉಳಿದರು, ಅದನ್ನು ಹೇಳಲೇಬೇಕು. ಉಳಿದವರು ಕೂಲಿಯವರು, ಮನೆಕೆಲಸದವರು, ಸಣ್ಣ ಅಂಗಡಿಯವರು.

ಮಕ್ಕಳ ವಿಷಯ ಕೇಳಿದ್ದೀರಿ. ಸೆಪ್ಟೆಂಬರ್ 3ರ ದಿನಚರಿಯಲ್ಲಿ ಪೀಪ್ಸ್ ಬರೆದದ್ದು ಇದು. ಗ್ರೇಸ್‌ಚರ್ಚ್ ಬೀದಿಯಲ್ಲಿ ಕುದುರೆ ಜೀನು ಮಾಡುವ ಒಬ್ಬರು ಇದ್ದರು, ಒಳ್ಳೆಯ ಸ್ಥಿತಿವಂತರು. ಒಂದನ್ನು ಬಿಟ್ಟು ಎಲ್ಲ ಮಕ್ಕಳನ್ನೂ ಹೂತಾಗಿತ್ತು. ಗಂಡ ಹೆಂಡತಿ ಇಬ್ಬರೂ ಬೀಗದ ಒಳಗೆ, ತಾವು ಉಳಿಯುತ್ತೇವೆ ಅನ್ನುವ ಆಸೆಯೂ ಇಲ್ಲ. ಉಳಿದ ಆ ಒಂದು ಮಗುವನ್ನಾದರೂ ಉಳಿಸಬೇಕು. ಬಟ್ಟೆಯಲ್ಲಿ ರೋಗ ಅಂಟಿರುತ್ತದೆ ಅಂತ ಎಲ್ಲರಿಗೂ ಭಯ. ಅದಕ್ಕೆ ಮಗುವಿನ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿದರು. ಬರೀ ಮೈಯ ಕೂಸನ್ನು ಹೊರಗೆ ನಿಂತ ಒಬ್ಬ ಸ್ನೇಹಿತರ ಕೈಗೆ ಕೊಟ್ಟರು. ಅವರು ಹೊಸ ಬಟ್ಟೆ ತೊಡಿಸಿ ಲಂಡನ್ನಿನ ಹತ್ತಿರದ ಗ್ರೀನಿಚ್ ಊರಿಗೆ ತಂದರು. ಪ್ಲೇಗ್ ಮನೆಯ ಮಗುವನ್ನು ಊರೊಳಗೆ ತಂದಿದ್ದಾರೆ ಅಂತ ದೂರು ಬಂತು. ಪೀಪ್ಸ್ ಮತ್ತು ಇತರ ಅಧಿಕಾರಿಗಳು ವಿಷಯ ಕೇಳಿ, ಮಗು ಇಲ್ಲೇ ಇರಲಿ ಅಂತ ಒಪ್ಪಿದರು.

ಆ ತಾಯಿ ಗುಂಡಿ ಬಿಚ್ಚುತ್ತಾ ಮಗುವಿನ ಹತ್ತಿರ ಏನು ಹೇಳಿದಳೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಮ್ಮ ಹಾಗೆ ನನಗೂ ಅವತ್ತು ನಿದ್ದೆ ಬಂದಿರಲಿಲ್ಲ.

ನಮ್ಮ ಶಾಲೆಯ ಮಕ್ಕಳು ರಿಂಗಾ ರಿಂಗಾ ರೋಸಸ್ ಹಾಡುತ್ತಾರೆ. ಅದು ಲಂಡನ್ ಪ್ಲೇಗಿನ ಹಾಡು ಅಂತ ವಾಟ್ಸಾಪಿನಲ್ಲಿ ಬಂದಿದೆ. ಹಾಡಿಸಬೇಕಾ ಬೇಡವಾ? (ಶಿಕ್ಷಕಿ, ತುಮಕೂರು)

ಧಾರಾಳವಾಗಿ ಹಾಡಿಸಿ. ಆ ಹಾಡು ಇಂಗ್ಲೆಂಡಿನಲ್ಲಿ ಅಚ್ಚಿನಲ್ಲಿ ಕಂಡದ್ದು 1881ರಲ್ಲಿ, ಪ್ಲೇಗ್ ಮುಗಿದು ಇನ್ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ. ಸೀನುವುದು, ಕೆಂಪು ಗುಳ್ಳೆ, ಬೀಳುವುದು ಅಂತ ಅರ್ಥ ಹಚ್ಚಿದ್ದು ಇಪ್ಪತ್ತನೇ ಶತಮಾನದಲ್ಲಿ. ಗಡ್ಡೆಯ ಪ್ಲೇಗಿನಲ್ಲಿ ಸೀನು ಮುಖ್ಯ ಲಕ್ಷಣವೂ ಅಲ್ಲ. ಮಕ್ಕಳು ಕೈ ಹಿಡಿದು ಸುತ್ತಿ ಬೀಳುವ ಆಟ ಅದು, ಸುಮ್ನೆ ಆಡಲಿ ಬಿಡಿ.

'ಇಲಿ ಬಿತ್ತು ಅಂದರೆ ಊರು ಬಿಡಬೇಕು' ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಮ್ಮ ಹಳ್ಳಿಯವರಿಗೆ ಗೊತ್ತಿದ್ದದ್ದು ಅಷ್ಟು ದೊಡ್ಡ ಊರಿನವರಿಗೆ ಗೊತ್ತಿರಲಿಲ್ಲವಾ? (ರೈತರು, ಹಾವೇರಿ)

ನಿಮ್ಮಜ್ಜಿಯ ಮಾತು ಬಂಗಾರ. ಸೂರಿನಿಂದ ಇಲಿ ಸತ್ತು ಬಿದ್ದರೆ ಗುಡಿಸಲು ಹಾಕಿಕೊಂಡು ಹೊಲಕ್ಕೆ ಹೋಗುವುದು ನಮ್ಮ ಕಡೆ ಎಷ್ಟೋ ಹಳ್ಳಿಗಳ ರೂಢಿ. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರಿಗೆ ಪ್ಲೇಗ್ ಬಂದ ಕಾಲದ ನೆನಪು ಅದು. ಲಂಡನ್ನಿನ ಬೀಗದ ಜೊತೆ ಹೋಲಿಸಿದರೆ ಸಾವಿರ ಪಾಲು ಒಳ್ಳೆಯ ಉಪಾಯ. ಯಾಕೆಂದರೆ ಮನುಷ್ಯರು ಇಲಿ ಇರುವ ಮನೆಯಿಂದ ದೂರ ಹೋದರು, ಲಂಡನ್ನಿನಲ್ಲಿ ಅವರನ್ನು ಆ ಮನೆಯ ಒಳಗೇ ಕೂಡಿದರು.

ಅಚ್ಚರಿ ಏನೆಂದರೆ 1665ರ ಬರಹಗಳಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಕಾಣುವುದೇ ಇಲ್ಲ ಅನ್ನಬಹುದು. ಅವರ ಕಣ್ಣು ಬಿದ್ದದ್ದು ನಾಯಿ ಬೆಕ್ಕುಗಳ ಮೇಲೆ. ಮನೆಯಿಂದ ಮನೆಗೆ ರೋಗ ಹೊತ್ತು ತರುತ್ತವೆ ಅಂತ ಅವನ್ನು ಕೊಲ್ಲಲು ಆಜ್ಞೆ ಆಯಿತು. ಇಲಿ ಹಿಡಿಯುವ ಬೆಕ್ಕನ್ನೇ ಕೊಂದರು. ಗೊತ್ತಿಲ್ಲದೆ ಮಾಡಿದ್ದು, ಬೈಯಲು ಮನಸ್ಸು ಬರುವುದಿಲ್ಲ.

ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದರು. ಇಲಿಯಿಂದ ಇಲಿಗೆ ಅದನ್ನು ಸಾಗಿಸುವುದು ಚಿಗಟ ಅಂತ ಪಾಲ್ ಲೂಯಿ ಸಿಮೊನ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಲಂಡನ್ನಿನಲ್ಲಿ ಕೆಲವು ವರ್ಷದ ಹಿಂದೆ ಹೊಸ ರೈಲು ಮಾರ್ಗಕ್ಕಾಗಿ ಲಿವರ್‌ಪೂಲ್ ಸ್ಟ್ರೀಟ್ ಹತ್ತಿರ ಅಗೆದಾಗ ಹಳೇ ಸ್ಮಶಾನ ಸಿಕ್ಕಿತು, ಅಲ್ಲಿ ಸಾಮೂಹಿಕವಾಗಿ ಹೂತವರ ಹಲ್ಲುಗಳನ್ನು ಪರೀಕ್ಷಿಸಿದರು. 20 ಜನರಲ್ಲಿ ಐವರ ಹಲ್ಲಿನೊಳಗೆ ಅದೇ ರೋಗಾಣುವಿನ ಡಿಎನ್‌ಎ ಸಿಕ್ಕಿತು. 2016ರಲ್ಲಿ ಆ ಸುದ್ದಿ ಬಂತು. ಹಲ್ಲೇ ಯಾಕೆ ಅಂತ ಕೇಳುತ್ತೀರೇನೋ. ಹಲ್ಲಿನ ಒಳಗೆ ರಕ್ತ ಹರಿಯುತ್ತದೆ, ಹೊರಗಿನ ಗಟ್ಟಿ ಕವಚ ಅದನ್ನು ಮುಚ್ಚಿ ಕಾಪಾಡುತ್ತದೆ. ಲಂಡನ್ನಿನಲ್ಲಿ ಇಲಿಯ ಚಿಗಟ ಎಷ್ಟು ಹರಡಿತು, ಮನುಷ್ಯರ ಮೈಮೇಲಿನ ಹೇನು, ಚಿಗಟ ಎಷ್ಟು ಹರಡಿದವು ಅನ್ನುವ ವಾದ ಇನ್ನೂ ನಡೆಯುತ್ತಿದೆ.

1666ರ ದೊಡ್ಡ ಬೆಂಕಿಯಿಂದ ಪ್ಲೇಗು ಸುಟ್ಟು ಹೋಯಿತು ಅಂತ ಓದಿದ್ದೆ. ನಿಜವಾ? (ಓದುಗರು, ಬಳ್ಳಾರಿ)

ಇಲ್ಲ. ಬೆಂಕಿ ಬಿದ್ದದ್ದು 1666ರ ಸೆಪ್ಟೆಂಬರಿನಲ್ಲಿ. ಪ್ಲೇಗಿನ ಅತಿ ಕೆಟ್ಟ ವಾರ ಅದಕ್ಕೆ ಒಂದು ವರ್ಷ ಮೊದಲು, 1665ರ ಸೆಪ್ಟೆಂಬರ್ 12ರಿಂದ 19. ಆ ವಾರ 7,165 ಪ್ಲೇಗ್ ಸಾವು, 130 ಪ್ಯಾರಿಷ್‌ಗಳಲ್ಲಿ ನಾಲ್ಕು ಮಾತ್ರ ಪಾರು. ಚಳಿ ಬಂದಂತೆ ಇಳಿಯಿತು. 1666ರ ಫೆಬ್ರವರಿಯಲ್ಲಿ ರಾಜರು ವಾಪಸ್ ಬಂದೂ ಆಗಿತ್ತು. ಇನ್ನೊಂದು ಮಾತು, ಬೆಂಕಿ ಸುಟ್ಟದ್ದು ಹೆಚ್ಚಾಗಿ ಕೋಟೆಯೊಳಗಿನ ಊರನ್ನು. ಪ್ಲೇಗ್ ಹೆಚ್ಚು ಕೊಂದದ್ದು ಕೋಟೆಯ ಹೊರಗಿನ ಬಡವರ ಕೇರಿಗಳಲ್ಲಿ, ಅವುಗಳಲ್ಲಿ ಹೆಚ್ಚಿನವು ಸುಡಲೇ ಇಲ್ಲ.

ಪ್ಲೇಗಿನ ನಡುವೆಯೇ ಬೇರೆ ಬೆಂಕಿ ಹಾಕಿದ್ದುಂಟು. ಗಾಳಿ ಶುದ್ಧವಾಗಲಿ ಅಂತ 1665ರ ಸೆಪ್ಟೆಂಬರಿನಲ್ಲಿ ಬೀದಿ ಬೀದಿಯಲ್ಲಿ ಕಲ್ಲಿದ್ದಲಿನ ಬೆಂಕಿ ಹೊತ್ತಿಸಿದರು, ಮೂರು ದಿನ ಉರಿಸುವ ಯೋಚನೆ. ಜೋರು ಮಳೆ ಬಂದು ನಂದಿಹೋಯಿತು.

ವೈದ್ಯರೆಲ್ಲ ಓಡಿಹೋದರು ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನಾನೂ ವೈದ್ಯ, ಓದಿ ಮನಸ್ಸಿಗೆ ನೋವಾಯಿತು. ಒಬ್ಬರೂ ಉಳಿಯಲಿಲ್ಲವಾ? (ಓದುಗರು, ಮಂಗಳೂರು)

ಆ ಸಾಲು ನನ್ನ ತಪ್ಪು ಡಾಕ್ಟರೇ, ಕ್ಷಮಿಸಿ. ಕಾಲೇಜಿನ ದೊಡ್ಡ ವೈದ್ಯರಲ್ಲಿ ಹೆಚ್ಚಿನವರು ತಮ್ಮ ಶ್ರೀಮಂತ ರೋಗಿಗಳ ಜೊತೆ ಊರು ಬಿಟ್ಟದ್ದು ನಿಜ. ಆದರೆ ಉಳಿದವರ ಕಥೆಯನ್ನು ಬಿಡಬಾರದಿತ್ತು.

ಪೀಪ್ಸ್ ಅವರ ವೈದ್ಯರು ಡಾಕ್ಟರ್ ಬರ್ನೆಟ್. ಜೂನ್‌ನಲ್ಲಿ ಅವರ ಮನೆಯ ಆಳಿಗೆ ಪ್ಲೇಗ್ ಬಂತು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ, ತಾವೇ ಹೇಳಿ, ತಾವೇ ತಮ್ಮ ಮನೆಗೆ ಬೀಗ ಹಾಕಿಸಿಕೊಂಡರು. ಕೊನೆಗೆ ಆಗಸ್ಟ್‌ನಲ್ಲಿ ಅವರೂ ಪ್ಲೇಗಿಗೆ ಹೋದರು. ಸೇಂಟ್ ಗೈಲ್ಸ್ ಬಡಾವಣೆಯಲ್ಲಿ ವಿಲಿಯಂ ಬೊಗ್‌ಹರ್ಸ್ಟ್ ಎಂಬ ಔಷಧಿ ಅಂಗಡಿಯವರು ಇದ್ದರು. ದಿನಕ್ಕೆ ನಲವತ್ತು ಗಾಯ ಕಟ್ಟುತ್ತಿದ್ದೆ, ಹಾಸಿಗೆಯಲ್ಲಿ ಬೆವರುತ್ತಿದ್ದ ರೋಗಿಯ ನಾಡಿ ಹಿಡಿದು ಕೂರುತ್ತಿದ್ದೆ ಅಂತ ಬರೆದಿದ್ದಾರೆ. ಜಾರ್ಜ್ ಥಾಮ್ಸನ್ ಎಂಬ ವೈದ್ಯರು ಪ್ಲೇಗಿನಿಂದ ಸತ್ತ ಒಬ್ಬ ಆಳು ಹುಡುಗನ ಶವವನ್ನು, ಪಕ್ಕದಲ್ಲಿ ಗಂಧಕ ಉರಿಸಿಕೊಂಡು, ಕೊಯ್ದು ನೋಡಿದರು. ಒಳಗೆ ಏನಾಗಿದೆ ಅಂತ ಕಣ್ಣಾರೆ ನೋಡದೆ ಮದ್ದು ಹೇಗೆ ಕೊಡುವುದು ಅನ್ನುವುದು ಅವರ ವಾದ. ಅವರಿಗೇ ರೋಗ ಹತ್ತಿತು. ಒಣಗಿಸಿದ ಕಪ್ಪೆಯನ್ನು ಎದೆಯ ಮೇಲೆ ಕಟ್ಟಿಕೊಂಡರು. ಬದುಕಿದರು, ಕಪ್ಪೆಯೇ ಉಳಿಸಿತು ಅಂತ ನಂಬಿದರು.

ನಾನು ತುಂಬಾ ಪ್ರೀತಿಯಿಂದ ನೆನೆಯುವುದು ನಥಾನಿಯಲ್ ಹಾಜಸ್ ಅವರನ್ನು. ಬಡ ರೋಗಿಗಳನ್ನು ನೋಡಲು ನಗರದವರು ನೇಮಿಸಿದ ವೈದ್ಯರು ಅವರು. ತಮ್ಮ ದಿನ ಹೇಗಿತ್ತು ಅಂತ ಅವರೇ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಬೇಗ ಎದ್ದು ಜಾಯಿಕಾಯಿ ಗಾತ್ರದಷ್ಟು ಲೇಹ್ಯ ತಿನ್ನುವುದು. ಮನೆಯಲ್ಲೇ ಎರಡು ಮೂರು ಗಂಟೆ ರೋಗಿಗಳನ್ನು ನೋಡುವುದು. ತಿಂಡಿ ತಿಂದು ಮನೆ ಮನೆಗೆ ಹೊರಡುವುದು. ಒಳಗೆ ಹೋದ ಕೂಡಲೇ ಕೆಂಡದ ಮೇಲೆ ಏನಾದರೂ ಹೊಗೆಯ ಮದ್ದು ಹಾಕಿಸುವುದು, ಬಾಯಲ್ಲಿ ಒಂದು ಗುಳಿಗೆ. ಓಡಿ ಬಂದು ಉಸಿರು ಏರಿದ್ದರೆ, ಮೈ ಬೆವರಿದ್ದರೆ, ಒಳಗೆ ಹೋಗದೆ ಆರುವ ತನಕ ಹೊರಗೇ ನಿಲ್ಲುವುದು. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಲೋಟ ಸ್ಯಾಕ್, ಅಂದರೆ ಸ್ಪೇನ್ ಕಡೆಯ ವೈನ್. ಮತ್ತೆ ಸಂಜೆ ಎಂಟೊಂಬತ್ತರ ತನಕ ರೋಗಿಗಳು. ಎರಡು ಸಲ ಮೈಯಲ್ಲಿ ಪ್ಲೇಗಿನ ಲಕ್ಷಣ ಶುರುವಾದಂತೆ ಅನಿಸಿತಂತೆ. ಇನ್ನೊಂದಿಷ್ಟು ಸ್ಯಾಕ್ ಕುಡಿದು ಮಲಗಿದರು, ಮತ್ತೆ ಕೆಲಸಕ್ಕೆ ಹೋದರು.

ಪ್ಲೇಗಿನ ಬಗ್ಗೆ ಅವರು ಬರೆದ ಲ್ಯಾಟಿನ್ ಪುಸ್ತಕ 1672ರಲ್ಲಿ ಬಂತು. ಆಮೇಲೆ ಅವರ ಕೈ ಕಟ್ಟಿತು, ಸಾಲ ಬೆಳೆಯಿತು. ಸಾಲ ತೀರಿಸಲಾಗದೆ ಲಡ್‌ಗೇಟ್ ಜೈಲು ಸೇರಿ 1688ರಲ್ಲಿ ಅಲ್ಲೇ ತೀರಿಕೊಂಡರು. ಅವರನ್ನು ಹೂತದ್ದು ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ, ಅಲ್ಲಿ ಅವರ ಹೆಸರಿನ ಫಲಕ ಇದೆ. ನಿಮ್ಮ ಊರಿನಿಂದ ಲಂಡನ್ನಿಗೆ ಹೋಗುವವರು ಯಾರಾದರೂ ಇದ್ದರೆ ಹೇಳಿ ಡಾಕ್ಟರೇ, ಒಮ್ಮೆ ಅಲ್ಲಿಗೆ ಹೋಗಿ ಬರಲಿ.